ಮಗಳ ವರ್ಷದ ಲೆಕ್ಕ ಅಂಕಪಟ್ಟಿಯಲ್ಲಷ್ಟೇ ಇಲ್ಲ

ಮಾರ್ಚ್ ಬಂತೆಂದರೆ ನಮ್ಮ ಗಡಿ ಸೀಮೆಯಲ್ಲಿ ಎಲ್ಲರಿಗೂ ಲೆಕ್ಕದ ಕಾಲ. ಆದೋನಿಯ ಹತ್ತಿ ವ್ಯಾಪಾರಿ ಖಾತೆ ಪುಸ್ತಕ ಮುಗಿಸುತ್ತಾನೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವವರು ಎಷ್ಟು ಮಾಲು ಹೋಯಿತು, ಎಷ್ಟು ಬಾಕಿ ನಿಂತಿತು ಅಂತ ನೋಡುತ್ತಾರೆ. ರೈತನಾದವನು ಸೊಸೈಟಿ ಸಾಲ, ಗೊಬ್ಬರದ ಅಂಗಡಿಯ ಚೀಟಿ, ಕೂಲಿಯ ಬಾಕಿ ಎಲ್ಲ ಕೂಡಿಸಿ ಕಳೆದು ನಿಟ್ಟುಸಿರು ಬಿಡುತ್ತಾನೆ. ಯುಗಾದಿಗೆ ಗುಡಿ ಕಟ್ಟೆಯಲ್ಲಿ ಪಂಚಾಂಗ ಓದಿಸಿ, ನಮ್ಮ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು ಅಂತ ಕೇಳುತ್ತೇವೆ. ರಾಜಪೂಜ್ಯವೆಷ್ಟು, ಅವಮಾನವೆಷ್ಟು ಅನ್ನುವುದನ್ನೂ ತೆಲುಗು ಪಂಚಾಂಗದಿಂದ ಕೇಳಿ ತಿಳಿಯುತ್ತೇವೆ.

ಇಷ್ಟೆಲ್ಲ ಲೆಕ್ಕ ಹಾಕುವ ನಾವು ಮನೆಯ ಹೆಣ್ಣುಮಗಳ ವರ್ಷದ ಲೆಕ್ಕವನ್ನು ಮಾತ್ರ ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಡುತ್ತೇವೆ: "ಎಷ್ಟು ಮಾರ್ಕ್ಸು ಬಂತು?" ಆಕೆ ಒಂದು ಸಂಖ್ಯೆ ಹೇಳುತ್ತಾಳೆ. ನಾವು "ಹೂಂ" ಅನ್ನುತ್ತೇವೆ. ಅಲ್ಲಿಗೆ ಒಂದು ವರ್ಷ ಮುಗಿಯಿತು. ಇದು ಸಾಲದು ಎಂಬುದೇ ಈ ಬರಹದ ವಾದ.

ನಮ್ಮ ಬಂಧುಗಳ ಮಕ್ಕಳು ಓದುವ, ಕ್ಯಾಥೊಲಿಕ್ ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಒಂದು ಒಳ್ಳೆಯ ರೂಢಿ ಇದೆ. ವರ್ಷದ ಕೊನೆಗೆ ಅಂಕಪಟ್ಟಿಯ ಜೊತೆ ಇನ್ನೊಂದು ಹಾಳೆ ಮನೆಗೆ ಬರುತ್ತದೆ. ಅದನ್ನು ಬರೆಯುವವರು ಟೀಚರಲ್ಲ, ಹುಡುಗಿಯೇ. ನಾಲ್ಕು ಪ್ರಶ್ನೆ: ಈ ವರ್ಷ ನೀನು ಯಾರಿಗೆ ಋಣಿ? ಪುಸ್ತಕದಲ್ಲಿ ಇಲ್ಲದ್ದನ್ನು ಏನು ಕಲಿತೆ? ಎಲ್ಲಿ ಎಡವಿದೆ? ಮುಂದಿನ ವರ್ಷ ಏನು ಮಾಡಬೇಕು ಅಂತಿದ್ದೀ? ಇದಕ್ಕೆ ಮಾರ್ಕ್ಸಿಲ್ಲ, ರ‍್ಯಾಂಕಿಲ್ಲ. ಅದಕ್ಕೇ ನಮ್ಮ ಅಪ್ಪಂದಿರು ಈ ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿ ಮರೆತುಬಿಡುತ್ತಾರೆ.

ಈ ಪ್ರಶ್ನೆಗಳು ಎಲ್ಲಿಂದ ಬಂದವು ಅನ್ನುವುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಕ್ಯಾಥೊಲಿಕರಲ್ಲಿ ಆತ್ಮಪರಿಶೋಧನೆ ಅನ್ನುವ ಹಳೆಯ ಪದ್ಧತಿ ಇದೆ. ಏಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ ಅವರ ಸಾಧನಾ ಗ್ರಂಥ 1548ರಲ್ಲಿ ಅಚ್ಚಾಯಿತು. ದಿನದ ಕೊನೆಗೆ ಕೂತು ಮನಸ್ಸನ್ನು ಹೇಗೆ ತಿರುವಿ ನೋಡಬೇಕು ಅನ್ನುವುದನ್ನು ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೇಳಿದ್ದಾರೆ. ಮೊದಲು ಸಿಕ್ಕಿದ್ದಕ್ಕೆ ಕೃತಜ್ಞತೆ, ಆಮೇಲೆ ಬೆಳಕು ಬೇಡುವುದು, ಆಮೇಲೆ ನಡೆದದ್ದನ್ನು ನೆನೆಯುವುದು, ತಪ್ಪಿದ್ದಕ್ಕೆ ಕ್ಷಮೆ ಕೇಳುವುದು, ಕೊನೆಗೆ ನಾಳೆಯ ಸಂಕಲ್ಪ. ಇಲ್ಲಿ ಗಮನಿಸಬೇಕಾದ್ದು ಕ್ರಮ. ತಪ್ಪಿನಿಂದ ಶುರು ಮಾಡುವುದಿಲ್ಲ, ಋಣದಿಂದ ಶುರು ಮಾಡುತ್ತಾರೆ. ನಾವಾದರೋ ಪ್ರೋಗ್ರೆಸ್ ಕಾರ್ಡು ಕೈಗೆ ಬಂದ ಕೂಡಲೆ ಕೆಂಪು ಗೆರೆ ಎಲ್ಲಿದೆ ಅಂತಲೇ ಹುಡುಕುತ್ತೇವೆ.

ಕಾನ್ವೆಂಟ್ ಶಾಲೆ ಎಂದರೆ ಈಚೆಗೆ ಬಂದ ಇಂಗ್ಲಿಷ್ ಅಂಗಡಿ ಅಂತ ತಿಳಿದವರೂ ಇದ್ದಾರೆ. ಚರಿತ್ರೆ ಹಾಗಿಲ್ಲ. ಸೋಫಿ ಲೀವ್ಸ್ ಎಂಬ ಇಂಗ್ಲಿಷ್ ಮಹಿಳೆ ಮದರ್ ವೆರೋನಿಕಾ ಎಂಬ ಹೆಸರಿನಲ್ಲಿ 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಒಂದು ಕನ್ಯಾಮಠ ಕಟ್ಟಿದರು. ಅಲ್ಲಿ ತಯಾರಾದ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು 1870ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರಿಂದ ಸೇಂಟ್ ಆನ್ಸ್ ಹೆಣ್ಣುಮಕ್ಕಳ ಶಾಲೆ ಬೆಳೆಯಿತು. ಅದೇ ಸಭೆಯ ಮದರ್ ಅಲೋಶಿಯಾ ಅವರ ಮುಂದಾಳತ್ವದಲ್ಲಿ ಮಂಗಳೂರಿನ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ಶುರುವಾದದ್ದು 1921ರಲ್ಲಿ. ಪೂರ್ವಕ್ಕೆ ಹೋದರೆ, ಹಾಲೆಂಡಿನಿಂದ ಜೀಸಸ್ ಮೇರಿ ಜೋಸೆಫ್ ಸಭೆಯವರು 1904ರಲ್ಲಿ ಗುಂಟೂರಿಗೆ ಬಂದರು. ಆಗ ಮಂಗಳೂರು, ಗುಂಟೂರು, ನಡುವಿನ ಬಳ್ಳಾರಿ, ಆದೋನಿ, ರಾಯದುರ್ಗ, ಮಡಕಶಿರ ಎಲ್ಲವೂ ಒಂದೇ ಮದ್ರಾಸ್ ಪ್ರಾಂತ್ಯ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಗಡಿಯ ಗೆರೆಗಿಂತ ಈ ಶಾಲೆಗಳ ಪರಂಪರೆ ಹಳೆಯದು.

ಇದರಲ್ಲಿ ಇನ್ನೊಂದು ಲೆಕ್ಕವೂ ಇದೆ, ನೋಡ್ರಿ. 1870ರಲ್ಲಿ ಅಕ್ಷರ ಕಲಿಸಲು ಬಂದವರು 1921ಕ್ಕೆ ಕಾಲೇಜು ತೆರೆದರು. ನಡುವೆ 51 ವರ್ಷ. ಬೆಳವಣಿಗೆಗೆ ಅಷ್ಟು ತಾಳ್ಮೆ ಬೇಕಾಯಿತು. ನಾವು ಎಂಟನೇ ತರಗತಿಯ ಹುಡುಗಿಗೆ ಹತ್ತು ತಿಂಗಳು ಕೊಟ್ಟು, "ಇದಕ್ಕೆ ಓದು ಹತ್ತೋದಿಲ್ಲ" ಅಂತ ತೀರ್ಪು ಹೇಳಿಬಿಡುತ್ತೇವೆ.

"ಬೆಳೆಯುವ ಸಿರಿ ಮೊಳಕೆಯಲ್ಲಿ" ಅಂತ ಕನ್ನಡದಲ್ಲಿ ಗಾದೆ. "ಪುವ್ವು ಪುಟ್ಟಗಾನೇ ಪರಿಮಳಿಸ್ತುಂದಿ" ಅಂತ ತೆಲುಗಿನಲ್ಲಿ. ಎರಡೂ ಭಾಷೆಯ ಹಿರಿಯರು ಒಂದೇ ಮಾತು ಹೇಳಿದ್ದಾರೆ, ಅವರ ಮೇಲೆ ಗೌರವವಿದೆ. ಆದರೆ ಹೊಲದಲ್ಲಿ ಎಲ್ಲ ಬೆಳೆಗೂ ಈ ಮಾತು ನಡೆಯುವುದಿಲ್ಲ. ಶೇಂಗಾ ಹೊಲದಲ್ಲಿ ನಾವು ತೊಗರಿಯನ್ನು ಅಕ್ಕಡಿ ಸಾಲಾಗಿ ಹಾಕುತ್ತೇವಲ್ಲ, ಮೊದಲ ಎರಡು ತಿಂಗಳು ಆ ತೊಗರಿಯನ್ನು ನೋಡಿದವರು ಇದು ಎದ್ದೀತೇ ಅನ್ನುತ್ತಾರೆ. ಶೇಂಗಾ ಕಿತ್ತ ಮೇಲೆ ಅದಕ್ಕೆ ಜಾಗ, ಗಾಳಿ, ಬೆಳಕು ಸಿಗುತ್ತದೆ. ಆಮೇಲೆ ನೋಡಬೇಕು ಅದರ ಹರವು! ಇನ್ನು ಶೇಂಗಾ ಮಾತು ಬೇರೆ. ಹೂವು ಮೇಲೆ ಬಿಡುತ್ತದೆ, ತೆಲುಗಿನವರು ಊಡ ಅನ್ನುವ ಎಳೆ ನೆಲದೊಳಗೆ ಇಳಿದು ಕಾಯಿ ಕಟ್ಟುತ್ತದೆ. ಮೇಲಿನ ಹಸಿರು ನೋಡಿ ಇಳುವರಿ ಹೇಳಿದವನು ಕೆಟ್ಟ. ಅಂಕಪಟ್ಟಿ ಅನ್ನುವುದು ಮೇಲಿನ ಹಸಿರು. ಅದು ಸುಳ್ಳಲ್ಲ, ಆದರೆ ಪೂರ್ತಿ ಲೆಕ್ಕವೂ ಅಲ್ಲ.

ಹಾಗಾದರೆ ನೆಲದೊಳಗೆ ಏನಿದೆ ಅಂತ ಆ ಎರಡನೇ ಹಾಳೆ ಹೇಳುತ್ತದೆಯೇ? ಕೆಲವು ಹಾಳೆಗಳನ್ನು ಓದಿ ಕೇಳಿದ ಮೇಲೆ ಹೌದು ಅಂತಲೇ ಹೇಳಬೇಕು. ಒಬ್ಬ ಕಿರಾಣಿ ಅಂಗಡಿಯವನ ಮಗಳು, ಗಣಿತದಲ್ಲಿ ಅಷ್ಟಕ್ಕಷ್ಟೆ. ಆದರೆ ಸಂಜೆ ಅಂಗಡಿಯಲ್ಲಿ ಕೂತು ಶೇಕಡಾ ಲೆಕ್ಕ, ಉದ್ದರಿ ಲೆಕ್ಕ ಕಲಿತೆನೆಂದು ಬರೆದಿದ್ದಳು. ಅದನ್ನು ಓದಿದ ಗಣಿತದ ಟೀಚರು, ಅಂಗಡಿಯ ಲೆಕ್ಕದಿಂದಲೇ ಶುರು ಮಾಡಿ ಬೀಜಗಣಿತಕ್ಕೆ ಕರೆದೊಯ್ಯಬಹುದಲ್ಲ ಅಂದರು. ಇನ್ನೊಬ್ಬಳು ಶಾಲೆಯ ಹಾಸ್ಟೆಲಿನಲ್ಲಿ ಇರುವವಳು. ಅಪ್ಪ ಅಮ್ಮ ಸುಗ್ಗಿ ಮುಗಿದ ಕೂಡಲೆ ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಹೋಗುತ್ತಾರೆ. ಆದೋನಿ, ಕೋಸಿಗಿ, ಮಂತ್ರಾಲಯದ ಕಡೆಯ ಹಳ್ಳಿಗಳಲ್ಲಿ ಇದು ವರ್ಷವರ್ಷದ ವಲಸೆ, ಎಲ್ಲರಿಗೂ ಗೊತ್ತಿದ್ದದ್ದೇ. ಯಾರಿಗೆ ಋಣಿ ಅನ್ನುವ ಪ್ರಶ್ನೆಗೆ ಆಕೆ ಬರೆದದ್ದು ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಅವ್ವನ ಹೆಸರು. ಜ್ವರ ಬಂದಾಗ ರಾತ್ರಿ ಪಕ್ಕದಲ್ಲಿ ಮಲಗಿದ್ದು ಆಕೆಯಂತೆ.

ಮೂರನೆಯದು ಒಂಬತ್ತನೇ ತರಗತಿಯ ಹುಡುಗಿಯ ಹಾಳೆ. ಓದಿನಲ್ಲಿ ಚುರುಕು, ಅಂಕಪಟ್ಟಿ ನೋಡಿದರೆ ಯಾವ ಚಿಂತೆಯೂ ಇಲ್ಲ. ಮೂರು ಪ್ರಶ್ನೆಗೆ ಅಂದವಾಗಿ ಉತ್ತರ ಬರೆದು, ನಾಲ್ಕನೆಯದನ್ನು ಖಾಲಿ ಬಿಟ್ಟಿದ್ದಳು. ಮುಂದಿನ ವರ್ಷ ಏನು ಮಾಡುವಿ ಅಂದರೆ ಉತ್ತರವಿಲ್ಲ. ಸಿಸ್ಟರು ಆ ಖಾಲಿ ಜಾಗ ನೋಡಿ ಶಾಲೆ ಮುಚ್ಚುವ ಮೊದಲೇ ತಾಯಿಯನ್ನು ಕರೆಸಿದರು. ವಿಚಾರಿಸಿದರೆ ಬಂಧುಗಳಲ್ಲೇ ಒಂದು ಸಂಬಂಧ ಬಂದಿತ್ತು, ಬೇಸಿಗೆಯಲ್ಲಿ ಮುಗಿಸುವ ಮಾತಾಗಿತ್ತು. ಹುಡುಗಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಮಾತುಕತೆ ನಡೆದು, ತಂದೆ ಹತ್ತನೇ ತರಗತಿ ಮುಗಿಯಲಿ ಅಂತ ಒಪ್ಪಿದ.

ಹತ್ತನೇ ತರಗತಿ ಮುಗಿದರೆ ಸಾಲದು ಅನ್ನುವುದೂ ನಿಜವೇ. ಕಾನೂನು ಹೇಳುವುದು ತರಗತಿಯ ಲೆಕ್ಕವಲ್ಲ, ವಯಸ್ಸಿನ ಲೆಕ್ಕ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಹೆಣ್ಣಿಗೆ 18 ತುಂಬದೆ ಮದುವೆ ಮಾಡುವಂತಿಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಂಧ್ರದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳ ಪೈಕಿ ಶೇಕಡಾ 29.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕರ್ನಾಟಕದಲ್ಲಿ ಅದೇ ಲೆಕ್ಕ ಶೇಕಡಾ 21.3, ಇಡೀ ದೇಶಕ್ಕೆ 23.3. ಗಡಿಯ ಈಚೆ ಇರಲಿ ಆಚೆ ಇರಲಿ, ಎದೆ ತಟ್ಟಿಕೊಳ್ಳುವಂಥ ಸಂಖ್ಯೆ ಯಾರದೂ ಅಲ್ಲ. ನೂರಕ್ಕೆ ಇಪ್ಪತ್ತು ಮೂವತ್ತು ಹುಡುಗಿಯರು ತಮ್ಮ ನಾಲ್ಕನೇ ಪ್ರಶ್ನೆಯ ಉತ್ತರವನ್ನು ಬೇರೆಯವರ ಕೈಗೆ ಬಿಟ್ಟವರು ಅಂದಹಾಗಾಯಿತು.

ಅಂಕಪಟ್ಟಿಯಲ್ಲಿ ಖಾಲಿ ಜಾಗ ಇರುವುದಿಲ್ಲ. ಅದಕ್ಕೇ ಅದು ಇಂಥ ಸಂಗತಿಯನ್ನು ಹೇಳಲಾರದು. ಹುಡುಗಿ ತಾನೇ ಬರೆದ ಹಾಳೆ ಹೇಳುತ್ತದೆ, ಕೆಲವು ಸಲ ಬರೆಯದೆ ಬಿಟ್ಟೂ ಹೇಳುತ್ತದೆ.

ಇದನ್ನು ಓದುವ ಕೆಲವರು, "ಮಾರ್ಕ್ಸಿಲ್ಲದೆ ಇಂಟರಿಗೆ ಸೀಟು ಕೊಡ್ತಾರೇನ್ರಿ? ಪಿಯುಸಿಗೆ ಬಳ್ಳಾರಿಗೆ ಹೋದರೆ ಈ ಹಾಳೆ ಕೇಳ್ತಾರೇನು?" ಅನ್ನಬಹುದು. ಕೇಳುವುದಿಲ್ಲ. ಮಾರ್ಕ್ಸು ಬೇಕೇ ಬೇಕು, ಅದನ್ನು ಬೇಡ ಅನ್ನುವವರು ಯಾರು? ಆದರೆ ಖಾತೆ ಪುಸ್ತಕದಲ್ಲಿ ಜಮಾ ಒಂದೇ ಬರೆದು ಖರ್ಚು ಬರೆಯದ ವ್ಯಾಪಾರಿಯನ್ನು ನಾವು ಏನಂತೇವೆ? ಎರಡೂ ಬೇಕು. ಸರ್ಕಾರವೂ ಈಗ ಅದೇ ದಾರಿಗೆ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಸಮಗ್ರ ಪ್ರಗತಿ ಪತ್ರ ಎಂಬ ವಿಚಾರವಿದೆ. ಟೀಚರಿನ ಮೌಲ್ಯಮಾಪನದ ಜೊತೆಗೆ ಮಗು ತನ್ನನ್ನು ತಾನೇ ಅಳೆದುಕೊಳ್ಳುವುದು, ಜೊತೆಯ ಮಕ್ಕಳು ಹೇಳುವುದು ಎರಡೂ ಅದರಲ್ಲಿ ಇರಬೇಕು ಎನ್ನುತ್ತದೆ. ಆಂಧ್ರದ ಸರ್ಕಾರಿ ಶಾಲೆಗಳಲ್ಲಿ 2024ರ ಡಿಸೆಂಬರ್ 7ರಂದು ರಾಜ್ಯಕ್ಕೆಲ್ಲ ಒಂದೇ ದಿನ ತಂದೆತಾಯಂದಿರ ಸಭೆ ನಡೆಸಿದರು. ಕರೆಯುವುದು ಶಾಲೆಯ ಕೆಲಸ. ಹೋಗಿ ಕೂತು ಕೇಳುವುದು ನಮ್ಮ ಕೆಲಸ.

ಇನ್ನೊಂದು ಅನುಮಾನ ಬಾಯಿಬಿಟ್ಟು ಹೇಳದಿದ್ದರೂ ಕೆಲವರ ಮನಸ್ಸಿನಲ್ಲಿ ಇರುತ್ತದೆ. ಸಿಸ್ಟರುಗಳ ಆತ್ಮಪರಿಶೋಧನೆ ಅಂದರೆ ಮತದ ಪಾಠವೇನೋ ಅಂತ. ಸಂವಿಧಾನದ 28ನೇ ವಿಧಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ, ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸುವಂತಿಲ್ಲ. ಋಣ ನೆನೆಯುವುದು, ತಪ್ಪು ತಿದ್ದಿಕೊಳ್ಳುವುದು ಯಾವ ಮತದ ಸ್ವತ್ತೂ ಅಲ್ಲ. ಶರಣರ ನಾಡಿನವರಿಗೆ, ವೇಮನನ ಸೀಮೆಯವರಿಗೆ ಇದನ್ನು ಬೇರೆಯವರು ಬಂದು ಹೇಳಬೇಕಾಗಿಲ್ಲ. ನಾವು ಮರೆತದ್ದನ್ನು ಅವರು ಒಂದು ಹಾಳೆಯಲ್ಲಿ ಹಾಕಿ ನೆನಪಿಸಿದ್ದಾರೆ ಅಷ್ಟೆ.

ಹಾಗಂತ ಕಾನ್ವೆಂಟುಗಳಲ್ಲಿ ಕೊರತೆ ಇಲ್ಲವೆಂದಲ್ಲ. ದೊಡ್ಡ ಕೊರತೆ ಭಾಷೆಯದು. ಕಾಂಪೌಂಡಿನೊಳಗೆ ಮನೆಮಾತು ಆಡಿದರೆ ದಂಡ ಹಾಕುವ ಶಾಲೆಗಳು ಎರಡೂ ರಾಜ್ಯದಲ್ಲಿ ಇವೆ, ಅವುಗಳಲ್ಲಿ ಎಲ್ಲ ಆಡಳಿತದವೂ ಸೇರಿವೆ. ನಾನು ಹೇಳುತ್ತಿರುವ ಹಾಳೆಯೂ ಇಂಗ್ಲಿಷಿನಲ್ಲೇ ಇರುತ್ತದೆ. ನಮ್ಮ ಹುಡುಗಿ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಆಡುವವಳು. ಮೂರು ಭಾಷೆ ಬರುವುದು ಆಕೆಯ ಭಾಗ್ಯ, ಅದಕ್ಕೆ ಬೇಸರವಿಲ್ಲ. ಆದರೆ ಪರೀಕ್ಷೆಯ ಉತ್ತರ ಬೇರೆ, ಮನಸ್ಸಿನ ಮಾತು ಬೇರೆ. ಕನ್ನಡ, ತೆಲುಗು ಎರಡರಲ್ಲೂ ನಾಲ್ಕು ಸಾಲು ಪದ್ಯ ಕಟ್ಟುವ ನನಗೆ ಇಷ್ಟು ಗೊತ್ತು: ಪಾಂಡಿತ್ಯ ಯಾವ ಭಾಷೆಯಲ್ಲಾದರೂ ಬರುತ್ತದೆ, ಸಂಕಟ ಮಾತ್ರ ಮನೆಮಾತಿನಲ್ಲೇ ಮೊದಲು ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಬರೆ ಅಂದರೆ ಹುಡುಗಿ ಪಕ್ಕದವಳದ್ದನ್ನು ನೋಡಿ, ಟೀಚರು ಹಲಗೆಯ ಮೇಲೆ ಬರೆದ ಮಾದರಿ ನೋಡಿ, ಅಂದವಾದ ನಾಲ್ಕು ವಾಕ್ಯ ಇಳಿಸುತ್ತಾಳೆ. ಅದನ್ನು ಮನೆಗೆ ತಂದರೆ ಅವ್ವನಿಗೆ ಓದಲು ಬರುವುದಿಲ್ಲ. ಯಾರಿಗಾಗಿ ಬರೆದದ್ದೋ ಅವರಿಗೇ ತಲುಪದ ಕಾಗದವಾಗುತ್ತದೆ.

ಇಲ್ಲಿ ನಾವು ಹಕ್ಕಿನಿಂದ ಕೇಳಬಹುದಾದ ಮಾತೊಂದಿದೆ. ಕ್ಯಾಥೊಲಿಕ್ ಸಭೆಗಳು ಶಾಲೆ ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿಯಿಂದ ಬಂದದ್ದು. ಆ ವಿಧಿಯನ್ನು ಪೂರ್ತಿ ಓದಿ ನೋಡಿದರೆ, ಅದು ಧರ್ಮದ ಅಲ್ಪಸಂಖ್ಯಾತರಿಗೆ ಎಷ್ಟೋ ಭಾಷೆಯ ಅಲ್ಪಸಂಖ್ಯಾತರಿಗೂ ಅಷ್ಟೇ. ಅಂದರೆ ಆ ಸಿಸ್ಟರುಗಳೂ ಗಡಿಯಾಚೆಯ ಕನ್ನಡಿಗರಾದ ನಾವೂ ಒಂದೇ ವಿಧಿಯ ನೆರಳಿನಲ್ಲಿ ನಿಂತವರು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಇರಬೇಕೆಂದು 1956ರಲ್ಲಿ ಸೇರಿಸಿದ 350ಎ ವಿಧಿಯೂ ಹೇಳುತ್ತದೆ. ನಾವು ಇಡೀ ಶಾಲೆಯನ್ನು ಕನ್ನಡ ಮಾಡಿರಿ ಅನ್ನುತ್ತಿಲ್ಲ. ವರ್ಷಕ್ಕೆ ಒಂದು ಹಾಳೆ, ಹುಡುಗಿಗೆ ಇಷ್ಟವಾದ ಭಾಷೆಯಲ್ಲಿ ಬರೆಯಲಿ ಅನ್ನುತ್ತಿದ್ದೇವೆ. ಕನ್ನಡದವಳು ಕನ್ನಡದಲ್ಲಿ, ತೆಲುಗಿನವಳು ತೆಲುಗಿನಲ್ಲಿ, ಉರ್ದುವಿನವಳು ಉರ್ದುವಿನಲ್ಲಿ. ಕನ್ನಡ ಅಕ್ಷರ ಬರೆಯಲು ಬಾರದವಳು ತೆಲುಗು ಅಕ್ಷರದಲ್ಲೇ ಕನ್ನಡ ಬರೆಯಲಿ. ನಮ್ಮ ಎರಡು ಲಿಪಿಗಳು ಅಕ್ಕತಂಗಿಯರು, ಯಾರಿಗೂ ಅವಮಾನವಿಲ್ಲ. ನೂರೈವತ್ತು ವರ್ಷ ಹೆಣ್ಣುಮಕ್ಕಳ ಬಾಯಿಗೆ ಮಾತು ಕೊಟ್ಟ ಪರಂಪರೆಯವರು ಇಷ್ಟಕ್ಕೆ ಇಲ್ಲ ಅನ್ನಲಾರರು. ನಾವು ಕೇಳಬೇಕಷ್ಟೆ.

ಈಗ ಬೇಸಿಗೆಯ ಮಾತು. ಆಂಧ್ರದ ಶಾಲೆಗಳು ಏಪ್ರಿಲ್ ಕೊನೆಗೆ ಮುಚ್ಚಿ ಜೂನ್ 12ರ ಸುಮಾರಿಗೆ ತೆರೆಯುತ್ತವೆ. ಈ ಏಳು ವಾರವೇ ನಮ್ಮ ಹೆಣ್ಣುಮಕ್ಕಳಿಗೆ ಗಂಡಾಂತರದ ಕಾಲ. ಮದುವೆಯ ಮುಹೂರ್ತಗಳು ಇರುವುದು ಆಗಲೇ. ಬೆಂಗಳೂರಿಗೆ ಕೂಲಿಗೆ ಹೋಗುವ ಮನೆಯವರು ಮಗಳನ್ನೂ ಕರೆದುಕೊಂಡು ಹೋಗುವುದು ಆಗಲೇ. ಅಡುಗೆಗೆ, ಕೂಸು ನೋಡಿಕೊಳ್ಳಲಿಕ್ಕೆ ಅಂತ ಹೋದವಳು ಎಷ್ಟೋ ಸಲ ಜೂನಿನಲ್ಲಿ ಹಿಂದಕ್ಕೆ ಬರುವುದಿಲ್ಲ. ಜೀನ್ಸ್ ಮಷೀನಿನ ಮುಂದೆ ಕೂತವಳು ಮೊದಲ ವಾರದ ಸಂಬಳ ನೋಡಿ ಅಲ್ಲೇ ಉಳಿಯುತ್ತಾಳೆ. ಗಂಡುಹುಡುಗ ಓದು ಬಿಟ್ಟರೆ ಊರೆಲ್ಲ ಬುದ್ಧಿ ಹೇಳುತ್ತದೆ. ಹೆಣ್ಣುಹುಡುಗಿ ಬಿಟ್ಟರೆ, "ಹೋಗಲಿ ಬಿಡು, ಇದ್ದಷ್ಟು ಓದ್ಯಾಳ" ಅಂತ ಅದೇ ಊರು ಸುಮ್ಮನಾಗುತ್ತದೆ. ಶಾಲೆ ಎಷ್ಟೇ ಒಳ್ಳೆಯದಿರಲಿ, ಗೇಟು ಮುಚ್ಚಿದ ಮೇಲೆ ಸಿಸ್ಟರುಗಳ ಕೈ ನಮ್ಮ ಮನೆಯೊಳಕ್ಕೆ ಬರುವುದಿಲ್ಲ. ಆ ಏಳು ವಾರದ ಜವಾಬ್ದಾರಿ ನಮ್ಮದೇ.

ಆದ್ದರಿಂದ ರೈತ ಬಂಧುಗಳಲ್ಲಿ, ವ್ಯಾಪಾರಿ ಮಿತ್ರರಲ್ಲಿ ಮೂರು ವಿನಂತಿ.

ಒಂದು, ಮಗಳು ಕಾನ್ವೆಂಟಿನಲ್ಲಿ ಓದಲಿ, ಸರ್ಕಾರಿ ಶಾಲೆಯಲ್ಲಿ ಓದಲಿ, ಪರೀಕ್ಷೆ ಮುಗಿದ ವಾರದಲ್ಲಿ ಒಂದು ಸಂಜೆ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ನಾಲ್ಕು ಪ್ರಶ್ನೆ ಮನೆಮಾತಿನಲ್ಲಿ ಕೇಳಿ. ಟಿ.ವಿ. ಆರಿಸಿ, ಫೋನು ಒಳಗಿಡಿ. ಅವ್ವನೂ ಕೂರಲಿ. ನಡುವೆ ಬಾಯಿ ಹಾಕಬೇಡಿ, ಬುದ್ಧಿ ಹೇಳಬೇಡಿ. ಎಡವಿದ್ದು ಎಲ್ಲಿ ಅಂತ ಕೇಳಿ, ಆಕೆ ಹೇಳಿದ ಮೇಲೆ ಬಯ್ದರೆ ಮುಂದಿನ ವರ್ಷ ಆಕೆ ಹೇಳುವುದೇ ಇಲ್ಲ. ಇದಕ್ಕೆ ಫೀಸಿಲ್ಲ, ಡೊನೇಷನ್ನಿಲ್ಲ.

ಎರಡು, ಶಾಲೆಗೆ ಹೋದಾಗ ಮಾರ್ಕ್ಸಿನ ಜೊತೆಗೆ ಇನ್ನೊಂದು ಮಾತು ಕೇಳಿ: ನಮ್ಮ ಹುಡುಗಿ ಕ್ಲಾಸಿನಲ್ಲಿ ಬಾಯಿ ಬಿಟ್ಟು ಮಾತಾಡ್ತಾಳಾ? ವರ್ಷದ ಮೊದಲಿಗೆ ಹೆಸರು ಕೇಳಿದರೆ ತಲೆ ತಗ್ಗಿಸುತ್ತಿದ್ದವಳು ವರ್ಷದ ಕೊನೆಗೆ ಎದ್ದು ನಿಂತು ಅನುಮಾನ ಕೇಳುತ್ತಾಳೆ ಅಂದರೆ ಅದು ಫಸಲು. ಅಂಥ ಶಾಲೆಗೆ ನಾಲ್ಕು ಒಳ್ಳೆಯ ಮಾತು ಹೇಳಿ ಬನ್ನಿ, ಹಾಳೆ ಮನೆಮಾತಿನಲ್ಲಿ ಇರಲಿ ಅಂತಲೂ ಕೇಳಿ ಬನ್ನಿ.

ಮೂರು, ನಾಲ್ಕನೇ ಪ್ರಶ್ನೆಗೆ ಮಗಳು ಸುಮ್ಮನಾದರೆ ಅದನ್ನು ನಾಚಿಕೆ ಅಂತ ತಿಳಿಯಬೇಡಿ. ಹೆದರಿಕೆ ಇರಬಹುದು. ಆಕೆಯ ಬಾಯಲ್ಲಿ ಉತ್ತರ ಬರುವ ತನಕ ಯಾವ ಸಂಬಂಧದ ಮಾತಿಗೂ, ಯಾವ ಕೂಲಿಯ ಮುಂಗಡಕ್ಕೂ ಹೂಂ ಅನ್ನಬೇಡಿ. 18ರ ಒಳಗಿನ ಮದುವೆಯ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ ಫೋನು ಮಾಡಿ ತಿಳಿಸಬಹುದು. ಅದು ಮಕ್ಕಳಿಗಾಗಿಯೇ ಇಟ್ಟಿರುವ ಸಹಾಯವಾಣಿ, ದುಡ್ಡು ಹತ್ತುವುದಿಲ್ಲ.

ಬಿತ್ತನೆಯ ಬೀಜ ಎತ್ತಿಡುವಾಗ ನಾವು ಎಷ್ಟು ಜೋಪಾನ ಮಾಡುತ್ತೇವೆ! ಬೂದಿ ಬೆರೆಸಿ, ಹುಳ ಹತ್ತದಂತೆ ನೋಡಿ, ಮಳೆ ಬರುವ ತನಕ ಕಾಯುತ್ತೇವೆ. ಜೂನಿನ ಮೊದಲ ಮಳೆಗೆ ಹೊಲ ಹದವಾಗುವ ಹೊತ್ತಿಗೇ ಶಾಲೆಯ ಗಂಟೆಯೂ ಬಾರಿಸುತ್ತದೆ. ಬೀಜ ಹೊಲಕ್ಕೆ ಹೋದ ಹಾಗೆ ಮಗಳು ಶಾಲೆಗೆ ಹೋದಳೋ ಇಲ್ಲವೋ, ವರ್ಷದ ನಿಜವಾದ ಫಲಿತಾಂಶ ಗೊತ್ತಾಗುವುದು ಅವತ್ತೇ.